ಎದೆಜೇಬಿನ ಸಹಿ

ಚಾಪೆಯ ಮೇಲೆ ಮಲಗಿಸಿದ್ದ ಅಪ್ಪನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದವಳ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮಗಳು ತಿರುಗಿದಳು. ಅಪ್ಪನ ಕಂಪನಿಯ ಎಂಡಿ! ತಂದಿದ್ದ ಹೂಚಕ್ರ ಲಾರಿ ಟೈರಿನಷ್ಟಿತ್ತು; ಅದರ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿ, ಅಪ್ಪನ ಹೆಸರು ಇರುವೆ ಸಾಲಿನಂತೆ.

"ನಿಮ್ಮ ತಂದೆ ನಮ್ಮ ಕಂಪನಿಯ ಬೆನ್ನೆಲುಬಮ್ಮ."

ಆ ಬೆನ್ನೆಲುಬಿಗೆ ಇಪ್ಪತ್ತಾರು ವರ್ಷ ಶೌಚಾಲಯದ ಪಕ್ಕದ ಕುರ್ಚಿಯೇ ಗತಿಯಾಗಿತ್ತು. ಹೆಸರಿಗೆ ಕಂಪನಿ ಸೆಕ್ರೆಟರಿ. ಕೆಲಸ, ಶೇರುದಾರರಿಗೆ ಹೋಗುವ ವರದಿಗೆ ತೋರಿಸಿದ ಕಡೆ ಸಹಿ ಹಾಕುವುದು. ಈಗ ಸಹಿಯೆಂದರೆ ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಕೀ. ಅದರ ಪಾಸ್‌ವರ್ಡ್ ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಕೀ ಮಾತ್ರ ಅಪ್ಪನ ಎದೆಜೇಬು ಬಿಟ್ಟು ಕದಲುತ್ತಿರಲಿಲ್ಲ.

"ಆ ಕೀ ಒಂಚೂರು ಕೊಡಮ್ಮ. ಐದು ಗಂಟೆಯೊಳಗೆ ವರದಿ ಶೇರುಪೇಟೆಗೆ ಹೋಗ್ಬೇಕು."

"ಅಪ್ಪ ಬೆಳಗ್ಗೆ ಆರಕ್ಕೇ ಹೋದ್ರು ಸಾರ್."

"ಅದನ್ನ ನಾಳೆ ತಿಳಿಸ್ತೀವಿ. ಇವತ್ತಿನ ಮಟ್ಟಿಗೆ ಅವರು ನಮ್ಮ ಜೊತೇಲೇ ಇದಾರೆ."

ಮೂಲೆಯಲ್ಲಿದ್ದ ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ಹಂಗಾದ್ರೆ ನಮ್ಮಣ್ಣಂಗೂ ಒಂದ್ಲೋಟ ಟೀ ತರ್ಲಾ ಸ್ವಾಮಿ?"

ಎಂಡಿ ದನಿ ತಗ್ಗಿಸಿದ. "ಹೊಸ ಸೆಕ್ರೆಟರಿ ಬಂದ್ರೆ ಕಷ್ಟ ಆಗುತ್ತಮ್ಮ. ಅವನು ಎಲ್ಲಾ ಓದ್ತಾನೆ!"

*

ಮೂರು ದಿನದ ಹಿಂದೆ ಅಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ್ದ.

"ದೊಡ್ಡ ಫ್ಯಾಕ್ಟರಿ ಮುಚ್ಚಿ ನಾಲ್ಕು ತಿಂಗಳಾಯ್ತು. ವರದೀಲಿ ಒಂದು ಸಾಲಿಲ್ಲ. ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಾದ್ರೂ ಹಾಕಿ ಅಂದೆ. ಪುಟದ ಅಂದ ಕೆಡುತ್ತಂತೆ."

"ಇಷ್ಟು ವರ್ಷ ಸಹಿ ಹಾಕಿಲ್ವಾ ಅಪ್ಪಾ? ಇದೊಂದು ಹಾಕ್ಬಿಡು. ಬಾಸ್ ಹತ್ರ ಯಾಕೆ ಫೈಟು?"

ಅಪ್ಪ ಎಂಡಿಯನ್ನು ನೋಡುವ ಹಾಗೆ ಅವಳನ್ನು ನೋಡಿದ.

"ಈ ಸಲ ಹಾಕಲ್ಲ ಕಣೇ."

ಇಡೀ ಜೀವಮಾನದಲ್ಲಿ ಅವನು ಹೊಡೆದದ್ದು ಅದೊಂದೇ ಡೈಲಾಗು. ಶಿಳ್ಳೆ ಹಾಕಬೇಕಾದವಳು ಅನ್ನ ಕಲಸುತ್ತ ಕೂತಿದ್ದಳು.

*

ಮಗಳು ಕಪಾಟಿನಲ್ಲಿದ್ದ ಅಪ್ಪನ ನಿನ್ನೆಯ ಅಂಗಿಯ ಜೇಬಿನಿಂದ ಕೀ ತಂದಳು. ಎಂಡಿಯ ಅಂಗೈ ಆಗಲೇ ತೆರೆದಿತ್ತು. ಅವಳು ಅದನ್ನು ದಾಟಿ ಹೋಗಿ, ಕೀಯನ್ನು ಅಪ್ಪನ ಎದೆಜೇಬಿಗಿಳಿಸಿ ಗುಂಡಿ ಹಾಕಿದಳು.

"ಅವರ ಹತ್ರಾನೇ ಕೇಳಿ ತಗೊಳ್ಳಿ ಸಾರ್. ನಿಮ್ಮ ಜೊತೇಲೇ ಇದಾರಲ್ಲ?" ಎಂದಳು, ಅಂಗಳದಲ್ಲಿದ್ದ ನಲವತ್ತು ಜನಕ್ಕೂ ಕೇಳುವಂತೆ.

ನಾಲ್ಕೂವರೆಗೆ ವಿದ್ಯುತ್ ಚಿತಾಗಾರ. ಶವ ಹೊತ್ತ ಚಟ್ಟಕ್ಕೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಎಂಡಿಯೇ. ಕುಲುಮೆಯ ಬಾಗಿಲು ಮೇಲೆದ್ದಾಗ ಒಂದು ಹೂ ಹಿಡಿದು ಶವದ ಎದೆಯತ್ತ ಬಾಗಿದ. ಬೆರಳು ಗುಂಡಿಗೆ ತಾಗುವಷ್ಟರಲ್ಲಿ ಹಲಗೆ ಗಡಗಡ ಒಳಗೆ ಸರಿಯಿತು.

ಬಾಗಿಲು ಬಿತ್ತು. ಎಂಡಿಯ ಕೈ ಮಾತ್ರ ಚಾಚಿದಂತೆಯೇ ಇತ್ತು.

"ಪಾಪ, ಬಿಟ್ಟುಕೊಡೋಕೆ ಮನಸ್ಸೇ ಇಲ್ಲ," ಎಂದು ಯಾರೋ ಮುದುಕಿ ಕಣ್ಣೊರೆಸಿಕೊಂಡಳು.