ಎಲೆ ಚನ್ನವೀರಪ್ಪನವರ ಸಕ್ಕರೆ

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಚನ್ನವೀರಪ್ಪನವರು ಯಾವ ಕಟ್ಟನ್ನೂ ಮೇಲಿನ ಎಲೆ ನೋಡಿ ಕೊಂಡವರಲ್ಲ. ತೋಟದವನು ಎಷ್ಟೇ ಹಳೆಯ ಪರಿಚಯದವನಿರಲಿ, ಕಟ್ಟಿನ ನಡುವೆ ಹೆಬ್ಬೆರಳು ತೂರಿಸಿ, ಒಳಗೆ ಅಡಗಿದ್ದ ಎಲೆಯೊಂದನ್ನು ಎಳೆದು, ಬಿಸಿಲಿಗೆ ಹಿಡಿದು, ನರನರವನ್ನೂ ಪರೀಕ್ಷಿಸಿ, ಕೊನೆಗೆ "ನೋಡೂಣು" ಎನ್ನುತ್ತಿದ್ದರು. ಒಪ್ಪಿದರೂ ಅದೇ ಮಾತು, ಒಪ್ಪದಿದ್ದರೂ ಅದೇ ಮಾತು. ವೈಶಾಖದ ಉರಿಯಲ್ಲೂ ಅವರ ಕರಿಯ ಕೋಟು ಮೈಮೇಲೇ ಇರುತ್ತಿತ್ತು; ಗೂಟಕ್ಕೆ ತೂಗುಹಾಕಿದರೆ ಯಾರ ಕೈ ಅದರ ಕಿಸೆಗೆ ಹೋದೀತೋ ಎಂಬ ಭಯ. ಗೋಡೆಗೆ ಒತ್ತಿಕೊಂಡು ನಡೆಯುವರು, ನಡುನಡುವೆ ನಿಂತು ಹಿಂದಿರುಗಿ ನೋಡುವರು. ಗುಡಿಯ ಪ್ರಸಾದವನ್ನೂ ಮೊದಲು ನಾಲಗೆಯ ತುದಿಗೆ ಹಚ್ಚಿಕೊಂಡು, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಾಲಿಯ ಮಾಸ್ತರನಾಗಿ ಅವರ ಮನೆಯ ಹೊರಗಿನ ಕೋಣೆಯಲ್ಲಿ ವಾಸವಾಗಿದ್ದ ನಾನು ನಮಸ್ಕಾರ ಮಾಡಿದರೆ, ಯಾಕೆ ಮಾಡಿದೆನೆಂದು ಒಂದು ಗಳಿಗೆ ಯೋಚಿಸದೆ ಅವರು ತಿರುಗಿ ಕೈಯೆತ್ತಿದ್ದಿಲ್ಲ.

ಇಂಥವರು ಮೂವತ್ತೇಳನೆಯ ಇಸವಿಯಲ್ಲಿ ದತ್ತು ತಂದ ಕೂಸನ್ನು ಮಾತ್ರ ದೀಪದ ಬೆಳಕಿನಲ್ಲಿ ತಂದರು. ಮಕ್ಕಳಿಲ್ಲದ ಅವರ ಹೆಂಡತಿ ಹೊಳೆವ್ವನಿಗೆ ಶಿಗ್ಗಾವಿಯ ಸಿದ್ದವ್ವ ದೂರದ ಸಂಬಂಧಿ. ಸಿದ್ದವ್ವನ ಮಗಳು ಬಾಣಂತನದಲ್ಲಿ ತೀರಿಕೊಂಡಿದ್ದಳು. ಅಳಿಯ ಮತ್ತೊಂದು ಮದುವೆಯಾಗಿ ಕೂಸಿನ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಮುದುಕಿ ಮಧ್ಯಾಹ್ನವೆಲ್ಲ ಏನೇನೋ ನೆವ ಹೇಳುತ್ತ ಹೊತ್ತು ಕಳೆದು, ಮುಸ್ಸಂಜೆ ದೀಪ ಹಚ್ಚಿದ ಮೇಲೆ, ಹುಬ್ಬಿನವರೆಗೆ ಕುಲಾವಿ ಕಟ್ಟಿದ್ದ ಕೂಸನ್ನು ಕೌದಿಯ ಸಮೇತ ಹೊಳೆವ್ವನ ಉಡಿಯಲ್ಲಿ ಹಾಕಿದಳು. ದೀಪ ಹಚ್ಚಿದ ಹೊತ್ತಿನಲ್ಲಿ ತುಂಬಿದ ಉಡಿಯನ್ನು ಬಿಚ್ಚಿ ತೋರಿಸೆಂದು ಯಾರು ಕೇಳಿಯಾರು? ಮರುದಿನ ಚಕ್ಕಡಿಯಲ್ಲಿ ಬಿಸಿಲು ಬಿದ್ದಾಗ ಓರೆಯಾದ ಕಣ್ಣು, ತಗ್ಗಿದ ಮೂಗು, ತುಟಿ ದಾಟಿ ಬಂದ ನಾಲಗೆ, ನಿಲ್ಲದ ಕತ್ತು, ಅಂಗೈಗೆ ಅಡ್ಡಲಾಗಿ ಎಳೆದ ಒಂದೇ ಒಂದು ಗೆರೆ, ಎಲ್ಲವೂ ಕಂಡವು.

ದತ್ತು ಗಟ್ಟಿಯಾಗುವುದು ಎರಡೂ ಮನೆಯವರು ಸಕ್ಕರೆ ತಿಂದ ಮೇಲೆ. ಅಲ್ಲಿಯವರೆಗೆ ಯಾರೂ ಹಿಂದೆ ಸರಿಯಬಹುದು. ಸಕ್ಕರೆಯ ಮಾತು ಬಂದಾಗ ಚನ್ನವೀರಪ್ಪನವರು "ನೋಡೂಣು" ಎಂದಿದ್ದರು. ಎಲೆ ಚನ್ನವೀರಪ್ಪ ಕಡೆಗೂ ಮೋಸ ಹೋದನೆಂದು ಪೇಟೆ ಬಾಯಿತುಂಬ ನಕ್ಕಿತು, ಕೂಸು ಯಾವಾಗ ಮರಳಿ ಹೋಗುವುದೋ ಎಂದು ಕಾದು ಕುಳಿತಿತು.

ಅವರು ಹಸುವಿನ ಹಾಲನ್ನು ಸಂಶಯಿಸಿ ಹಸುವನ್ನೇ ಬದಲಿಸಿದರು. ತೊಟ್ಟಿಲನ್ನು ಸಂಶಯಿಸಿ ಅದರ ಹಗ್ಗ ಬದಲಿಸಿದರು. ಹುಬ್ಬಳ್ಳಿಯ ಡಾಕ್ಟರರು, ಇದು ಹುಟ್ಟಿನಿಂದಲೇ ಬಂದದ್ದು, ಔಷಧವಿಲ್ಲ, ಎಲ್ಲವನ್ನೂ ತಡವಾಗಿ ಕಲಿತಾನೆಂದು ಹೇಳಿ, ಇಂಗ್ಲಿಷಿನಲ್ಲಿ ಒಂದು ಹೆಸರನ್ನೂ ಹೇಳಿದರಂತೆ. ಡಾಕ್ಟರರನ್ನು ಸಂಶಯಿಸಿ ಹಕೀಮ ದಸ್ತಗೀರಸಾಬರಲ್ಲಿಗೆ ಹೋದರು. ಅವರೂ ಅದನ್ನೇ ಹೇಳಿದರು, ಹೆಸರೊಂದನ್ನು ಬಿಟ್ಟು. ದಿನ ಬೆಳಗಾದರೆ ಕೂಸನ್ನು ಕಟ್ಟೆಯ ಮೇಲೆ ತಂದು, ಬೋರಲು ಹಾಕಿ, ಕೂಗಿ, ಬಿಸಿಲಿನಲ್ಲಿ ಅಂಗೈ ಬಿಡಿಸಿ ನೋಡುವರು. ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಹೊಳೆವ್ವನಂತೂ ಬಾವಿಗೆ ಹೋಗುವಾಗಲೂ ಕೂಸನ್ನು ಟೊಂಕದ ಮೇಲಿಂದ ಇಳಿಸುತ್ತಿರಲಿಲ್ಲ. ಒಮ್ಮೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ತರ, ಅವರು ಕೂಸಿನ್ನ ಹೊಳ್ಳಿ ಕೊಡಾಕ ಹೊಂಟ್ರ ನನಗ ಮೊದಲ ಹೇಳ್ರಿ" ಎಂದಳು.

ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ ಚಕ್ಕಡಿ ಹೂಡಿಸಿ, ಶಿಗ್ಗಾವಿಗೆ ಸಾಕ್ಷಿಗೊಬ್ಬರು ಬೇಕೆಂದು ನನ್ನನ್ನು ಕರೆದರು. ಹೊಳೆವ್ವ ಕರೆಯದೆಯೇ ಬಂದು ಹತ್ತಿದಳು. ಕೂಸನ್ನು ತನ್ನ ಸೀರೆಯ ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡಿದ್ದಳು. ಆ ಮನುಷ್ಯನ ಪಕ್ಕದಲ್ಲಿ ಕೂಡುವುದಕ್ಕೂ ನನಗೆ ಅಸಹ್ಯವಾಗಿತ್ತು.

ಬತ್ತಿ ಹೊಸೆಯುತ್ತಿದ್ದ ಸಿದ್ದವ್ವ ಚಕ್ಕಡಿ ಕಂಡು ಎದ್ದಳು, ಏನನ್ನೂ ಕೇಳದೆ ಎರಡೂ ಕೈ ಚಾಚಿದಳು. "ಬಂದ ಬರ್ತೀರಂತ ಗೊತ್ತಿತ್ರಿ. ನಾ ಸತ್ರ ಇದನ್ನ ಯಾರ್ ನೋಡ್ತಾರಂತ ದೀಪದ ಹೊತ್ತಿನ್ಯಾಗ ಕೊಟ್ಟೆ. ತಪ್ಪಾತು. ಕೊಡ್ರಿ ಇತ್ತಾಗ."

ಚನ್ನವೀರಪ್ಪನವರು ಆ ಕೈಗಳಿಗೂ ಹೆಂಡತಿಗೂ ನಡುವೆ ಬಂದು ನಿಂತರು.

"ಈಗ ಕತ್ತು ನಿಲ್ತೈತ್ರಿ," ಎಂದರು. "ನನ್ನ ದನಿ ಕೇಳಿದ್ರ ನಗತೈತಿ. ಆ ಸುದ್ದಿ ನಿಮಗ ಮುಟ್ಟೇ ಇರತೈತಿ. ನಾಳೆ ಬಂದು ನಮ್ಮ ಕೂಸು ನಮಗ ಕೊಡ್ರಿ ಅಂದ್ರ ನಾ ಏನ್ ಮಾಡ್ಲಿ?"

ಕೋಟಿನ ಒಳಗಿಸೆಯಿಂದ ಸಕ್ಕರೆಯ ಪುಡಿಕೆ ತೆಗೆದರು. ರೂಢಿಯಂತೆ ಮೊದಲು ತಾವು ಚಿಟಿಕೆಯಷ್ಟು ನಾಲಗೆಗೆ ಹಚ್ಚಿ ನೋಡಿ, ಉಳಿದುದನ್ನು ಅವಳ ಅಂಗೈಗೆ ಸುರಿದು, ಮಾಸ್ತರರ ಮುಂದೆ ತಿನ್ನಬೇಕೆಂದರು. ಸಿದ್ದವ್ವ ಅಳುತ್ತ ನಿಂತುಬಿಟ್ಟಳು. ಕೈ ಬಾಯಿಗೆ ಹೋಗಲೊಲ್ಲದು. ಆ ಕೈಯನ್ನೇ ದಿಟ್ಟಿಸುತ್ತಿದ್ದ ಚನ್ನವೀರಪ್ಪನವರ ಮುಖದಲ್ಲಿ ಅಂದು ಕಂಡ ಭಯವನ್ನು ನಾನು ಇನ್ನಾರ ಮುಖದಲ್ಲೂ ಕಂಡಿಲ್ಲ. ಕೊನೆಗೆ ಅವಳು ತಿಂದಳು. ಹೊಳೆವ್ವ ಗಂಡನನ್ನೊಮ್ಮೆ ನೋಡಿ, ಸೆರಗಿನ ಗಂಟು ಬಿಚ್ಚಿ, ಕೂಸನ್ನು ಅವರ ತೋಳಿಗೆ ಕೊಟ್ಟಳು. ತಿರುಗಿ ಬರುವಾಗ ಶಿಗ್ಗಾವಿ ಮರೆಯಾಗುವ ಮೊದಲೇ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಆಕಿ ನುಂಗಿದ್ದು ನೀವು ನೋಡೀರಲ್ರಿ?"

ಮೊದಲ ದಿನಗಳಲ್ಲಿ ಮರಳಿಸುವ ವಿಚಾರ ಅವರಿಗಿತ್ತೋ ಇಲ್ಲವೋ ನಾನರಿಯೆ; ಇದ್ದಿರಬೇಕು. ಆ ಸಂಶಯ ಯಾವ ಬೆಳಗಿನ ಬಿಸಿಲಿನಲ್ಲಿ ಈ ಸಂಶಯವಾಯಿತೆಂಬುದು ಅವರಿಗೂ ತಿಳಿದಿರಲಿಕ್ಕಿಲ್ಲ. ಸಂಶಯದ ಮನುಷ್ಯರಿಗೆ ಪ್ರೀತಿ ಬಂದರೆ ಸಂಶಯ ಹೋದೀತೆಂದು ನಾವು ತಿಳಿಯುತ್ತೇವೆ. ಅದು ಹೋಗುವುದಿಲ್ಲ. ಮನೆಯೊಳಗಿನವರನ್ನು ನೋಡುವುದನ್ನು ಬಿಟ್ಟು, ಹೊಸ್ತಿಲ ಮೇಲೆ ಬೀದಿಗೆ ಮುಖಮಾಡಿ ಕೂತುಕೊಳ್ಳುತ್ತದೆ.