ಕರಿ ಬಟ್ಟಲಿನ ನಕಲು

ಬಟ್ಟಲನ್ನು ಕೈಗೆತ್ತಿಕೊಂಡ ಬೆಟ್ಟಿ ತೊಳೆಯುವುದನ್ನು ಮರೆತು ನಿಂತಳು. ಅಬುಧಾಬಿಯ ಆ ಹೋಟೆಲಿನ ಜಪಾನಿ ಚಹಾ ಕೋಣೆಯ ಪಾತ್ರೆಗಳನ್ನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳು ಅವಳೇ. ಅದರಲ್ಲೂ ಈ ಕರಿ ಬಟ್ಟಲನ್ನು ಬೇರೆ ಯಾರಿಗೂ ತೊಳೆಯಲು ಬಿಟ್ಟವಳಲ್ಲ. ಕ್ಯೋಟೋದ ಮುದುಕನೊಬ್ಬ ಕುಂಬಾರನ ತಿಗರಿಯಿಲ್ಲದೆ, ಬರಿಗೈಯಲ್ಲಿ ಒತ್ತಿ ಒತ್ತಿ ಮಾಡಿದ್ದಂತೆ. ಅಂಚು ಸಣ್ಣಗೆ ಏರಿಳಿಯುತ್ತಿತ್ತು. ತುಟಿ ಇಡಲೆಂದೇ ಒಂದು ಕಡೆ ತಗ್ಗು. ಕೆಂಡದಂಥ ಬಟ್ಟಲನ್ನು ಸುಡುವ ಗೂಡಿನಿಂದ ಎಳೆದ ಇಕ್ಕಳದ ಗುರುತು ಹೊಟ್ಟೆಯ ಮೇಲೆ.

ಇವತ್ತೂ ಅದೆಲ್ಲ ಇತ್ತು. ಆದರೆ ಕೈಗೆ ಭಾರವೆನಿಸಿತು. ಬಿಸಿನೀರು ಹೊಯ್ದಳು. ನಿಧಾನವಾಗಿ ಬೆಚ್ಚಗಾಗಬೇಕಾದ ಬಟ್ಟಲು ಬೆರಳು ಚುರುಗುಟ್ಟಿಸಿತು.

ಯಾರೋ ಬದಲಾಯಿಸಿದ್ದಾರೆ!

ಬಟ್ಟಲಿಡುವ ಕಪಾಟಿನ ಕೀ ಅವಳನ್ನು ಬಿಟ್ಟರೆ ಇದ್ದದ್ದು ರೆಸ್ಟೊರೆಂಟ್ ಮ್ಯಾನೇಜರ್ ನಾರ್ಬರ್ಟ್ ಬಳಿ. ಕಳೆದ ವಾರ ಅವನ ಕಾರಿನಲ್ಲಿ ದುಬೈಯ ಅಲ್ ಕೂಜ್‌ನ ಕುಂಬಾರಿಕೆ ಸ್ಟುಡಿಯೋದ ಹೆಸರಿದ್ದ ರಟ್ಟಿನ ಪೆಟ್ಟಿಗೆಯನ್ನು ಅವಳು ಕಂಡಿದ್ದಳು. ಎರಡು ದಿನ ಅವನ ಮೇಲೆ ಕಣ್ಣಿಟ್ಟಳು. ಅವಳು ಒಳಗೆ ಬಂದರೆ ಸಾಕು, ಅವನು ಫೋನಿನಲ್ಲಿ ಮಾತು ಬದಲಿಸುತ್ತಿದ್ದ.

ಮೂರನೆಯ ದಿನ ಬಟ್ಟಲನ್ನು ಅವನ ಮೇಜಿನ ಮೇಲಿಟ್ಟಳು. "ಅಸಲಿ ಎಲ್ಲುಂಟು ನಾರ್ಬರ್ಟ್?"

"ಇದೇ ಅಲ್ವಾ ಬೆಟ್ಟಿಬಾಯಿ?"

"ಅದೆಲ್ಲ ನನ್ನ ಹತ್ರ ಬೇಡ. ಯಾರಿಗೆ ಮಾರಿದ್ದು? ಹೇಳದಿದ್ರೆ ಸೀದಾ ಜನರಲ್ ಮ್ಯಾನೇಜರ್ ಹತ್ರ ಹೋಗ್ತೇನೆ."

ಅವನು ಎದ್ದು ಬಾಗಿಲು ಮುಚ್ಚಿದ. "ಜಿ.ಎಂ. ಹೇಳಿಯೇ ಮಾಡಿಸಿದ್ದು ಮಾರಾಯ್ತಿ. ಅಸಲಿ ಅವರ ಸೇಫಲ್ಲಿ ಉಂಟು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಮುಟ್ಟುವವರಿಗೆ ಯಾರಿಗೂ ಹೇಳ್ಬೇಡ ಅಂದ್ರು." ಅವನು ಅವಳ ಮುಖ ನೋಡಲಿಲ್ಲ. "ಅಷ್ಟು ಬೆಲೆಯದ್ದು, ನಾಳೆ ಅವರೇ ಕದ್ರೆ ಅಂತ."

ಬೆಟ್ಟಿಯ ಕಿವಿ ಬಿಸಿಯಾಯಿತು. ತಾನು ಇವನನ್ನು ಕಳ್ಳನೆಂದು ನೋಡುತ್ತಿದ್ದಾಗ ಇವರು ತನ್ನನ್ನು ಹಾಗೇ ನೋಡುತ್ತಿದ್ದರು!

ಅವಳು ನಕಲನ್ನು ಎತ್ತಿಕೊಂಡು ಜಿ.ಎಂ. ಕೋಣೆಗೆ ಹೋಗಿಯೇ ಬಿಟ್ಟಳು. ನಕಲು ಗೊತ್ತಾದದ್ದು ಹೇಗೆಂದು ಆ ಇಂಗ್ಲೆಂಡಿನವನು ಬೆರಗಾಗಿ ಕೇಳಿದ. ಬೆಟ್ಟಿ ಸೇಫ್ ತೆಗೆಸಿ, ಎರಡಕ್ಕೂ ಬಿಸಿನೀರು ಹೊಯ್ದು, ಅವನ ಎರಡು ಕೈಗೂ ಒಂದೊಂದು ಕೊಟ್ಟಳು. ಅವನು ಚುರುಗುಟ್ಟಿದ ನಕಲನ್ನು ತಟ್ಟನೆ ಮೇಜಿನ ಮೇಲಿಟ್ಟ. ಆಮೇಲೆ ಅಸಲಿಯನ್ನೇ ಅವಳ ಕಡೆ ಚಾಚಿ, ಚಹಾ ಕೋಣೆಗೆ ತೆಗೆದುಕೊಂಡು ಹೋಗಿ ಎಂದ.

ಅವಳು ಹೊರಗೆ ಬರುವಾಗ ಬಾಗಿಲ ಬಳಿ ನಿಂತಿದ್ದ ನಾರ್ಬರ್ಟ್, "ಸಾರಿ ಬಾಯಿ," ಎಂದ.

ಬೆಟ್ಟಿಯೂ ಸಾರಿ ಹೇಳಬೇಕಿತ್ತು. ಹೇಳಲಿಲ್ಲ. ಅವತ್ತಿನಿಂದ ಅವಳು ದಿನಾ ಮನೆಗೆ ಹೊರಡುವ ಮೊದಲು ಬಟ್ಟಲಿನ ಫೋಟೋ ತೆಗೆದು, ಅಸಲಿ ಕಪಾಟಿನಲ್ಲೇ ಇದೆಯೆಂದು ಪುಸ್ತಕದಲ್ಲಿ ಬರೆದು ನಾರ್ಬರ್ಟ್‌ನ ಸಹಿ ಹಾಕಿಸಿಕೊಳ್ಳತೊಡಗಿದಳು.