ಡೀಬೋಲ್ಟನ ಕೆಂಪು ಸಾಲು

ಓದಿದ ಪುಟದ ಮೇಲೆ ಮೆಲ್ಲಗೆ ಒಮ್ಮೆ ಊದದೆ ಡೀಬೋಲ್ಟ್ ಎಂದೂ ಹಾಳೆ ಮಗುಚಿದವನಲ್ಲ. ಮೂವತ್ತು ವರ್ಷ ಗ್ರಂಥಗಳನ್ನು ಕೈಯಲ್ಲಿ ಪ್ರತಿ ಮಾಡಿದವನ ಅಭ್ಯಾಸ ಅದು. ಶಾಯಿ ಅವನ ತಾತನ ಕಾಲದಲ್ಲೇ ಒಣಗಿದ್ದರೂ ಅವನ ಉಸಿರು ಅದನ್ನು ನಂಬುತ್ತಿರಲಿಲ್ಲ. ಬಲ ಹೆಗಲು ಎಡಕ್ಕಿಂತ ಎರಡು ಬೆರಳು ತಗ್ಗಿಸಿಕೊಂಡು, ಸ್ಟ್ರಾಸ್‌ಬುರ್ಗಿನ ಬೀದಿಗಳಲ್ಲಿ ಗೋಡೆಯ ಪಕ್ಕಕ್ಕೇ ಗೆರೆ ಎಳೆದ ಹಾಗೆ ನಡೆಯುತ್ತಿದ್ದ. ಶಾಯಿ ಹತ್ತಿ ತೋಳಿನ ತುದಿ ಕೆಂಪಾಗಿದ್ದ ಅವನ ಬೂದು ಅಂಗಿಯನ್ನು, ಮಾರ್ಟಿನ್ ಸಂತನ ಹಬ್ಬದ ಮರುದಿನ, ಅವನ ಜೊತೆಗೇ ಮಣ್ಣು ಮಾಡಿದೆವು.

ನಾನು ಊರಿನ ಹೊಸ ಅಚ್ಚುಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಲು ಸೇರಿದಾಗ ಅವನು ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ. ಸನ್ಯಾಸಿನಿಯರ ಮಠಕ್ಕೆಂದು ಅವನು ಎರಡು ವರ್ಷದಿಂದ ಬರೆಯುತ್ತಿದ್ದ ಕೀರ್ತನೆಗಳ ಗ್ರಂಥವನ್ನು ನಾವು ಒಂದೇ ಚಳಿಗಾಲದಲ್ಲಿ ಇನ್ನೂರು ಪ್ರತಿ ತೆಗೆದೆವು. ಇನ್ನು ಬರೆಯುವುದು ಬೇಡ ಎಂದು ಮಠದಿಂದ ಹೇಳಿಕಳುಹಿಸಿದರು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಡೆಗೊಂದು ಬೆಳಿಗ್ಗೆ ಬಂದು, ಹಾಳೆಯೊಂದನ್ನು ಬೆಳಕಿಗೆ ಹಿಡಿದ.

"ಇದೇನೋ, ಪ್ರತಿ ಕೀರ್ತನೆ ತಲೇಲೂ ಕಿಂಡಿ ಬಿಟ್ಟಿದೀರಿ?"

"ನಿನಗೇ ಬಿಟ್ಟಿರೋದು ಮಾರಾಯ. ಮೊದಲನೇ ಅಕ್ಷರ ಕೆಂಪಲ್ಲಿ ಚೆಂದವಾಗಿ ಬರೆಯೋಕೆ ನಮ್ಮ ಮೊಳೆಗೆ ಬರಲ್ಲ."

"ಹಂಗಾದ್ರೆ ನಿಮ್ಮ ಯಂತ್ರಕ್ಕೆ ಬಾಯಿ ತೆರೆಯೋಕೇ ನಾನು ಬೇಕು ಅನ್ನು," ಎಂದವನು ಅಲ್ಲೇ ಕೂತುಬಿಟ್ಟ.

ಮೂರನೆಯ ದಿನ ಅನಾಹುತವಾಯಿತು. ಒಂದು ಕೀರ್ತನೆಯಲ್ಲಿ ಸಾಲೊಂದು ಬಿಟ್ಟುಹೋಗಿತ್ತು. ಜೋಡಿಸಿದವನು ನಾನೇ. ಡೀಬೋಲ್ಟ್ ಯಾರನ್ನೂ ಕೇಳದೆ, ತಿದ್ದಿ ಬರೆಯಲೆಂದು, ತೊಗಲಿನ ಹಾಳೆಯನ್ನು ಹೆರೆಯುವಂತೆ ಚಾಕುವಿನಿಂದ ಹೆರೆದ. ಕಾಗದ ಹರಿಯಿತು.

"ಇದು ಕುರಿಚರ್ಮ ಅಲ್ಲ ಮುದುಕಪ್ಪಾ," ಎಂದ ಅಚ್ಚುಮನೆಯ ಯಜಮಾನ. "ನಾಳೆಯಿಂದ ಬರಬೇಡ."

ಡೀಬೋಲ್ಟ್ ಚಾಕು ಕೆಳಗಿಟ್ಟ. "ಆಯ್ತು ಸ್ವಾಮಿ, ಬರಲ್ಲ. ಆದ್ರೆ ನಾನು ಕೆಡಿಸಿದ್ದು ಒಂದು. ನೀವು ಇನ್ನೂರು ಕೆಡಿಸಿದೀರಿ."

ಯಜಮಾನ ಇನ್ನೊಂದು ಪ್ರತಿ ತೆಗೆದು ನೋಡಿದ, ಮತ್ತೊಂದು ನೋಡಿದ. ಯಾವುದರಲ್ಲೂ ಆ ಸಾಲಿರಲಿಲ್ಲ. ಕೈಬರಹದಲ್ಲಿ ತಪ್ಪು ಒಂಟಿ. ಅಚ್ಚಿನಲ್ಲಿ ಅದಕ್ಕೂ ಸಂಸಾರ ಬೆಳೆಯುತ್ತದೆಂದು ನಮಗೆ ಹೊಳೆದದ್ದು ಆಗ.

"ಈಗೇನಯ್ಯಾ ಮಾಡೋದು?" ಯಜಮಾನನ ದನಿ ಇಳಿದಿತ್ತು.

"ಅಂಚಲ್ಲಿ ಜಾಗ ಇದೆಯಲ್ಲ."

ಒಂಬತ್ತು ದಿನ ಕೂತು, ಪ್ರತಿಯೊಂದು ಪುಸ್ತಕದ ಅಂಚಿನಲ್ಲೂ ಆ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದ; ಅದು ಸೇರುವ ಜಾಗಕ್ಕೆ ಬೆರಳು ತೋರಿಸುವ ಪುಟ್ಟ ಕೈಯ ಚಿತ್ರವೊಂದನ್ನೂ. ನನ್ನನ್ನು ಬೈಯಲಿಲ್ಲ. "ಎರಡು ಸಾಲೂ ಒಂದೇ ಮಾತಲ್ಲಿ ಮುಗೀತವೆ ನೋಡು, ಕಣ್ಣು ಹಾರಿಬಿಡುತ್ತೆ. ನಾನೂ ಹಾರಿದೀನಿ, ಇದೇ ಕೀರ್ತನೇಲಿ," ಎಂದ. ಆಮೇಲಿನ ಆರು ವರ್ಷ ಅವನು ಓದಿ ಊದದ ಹಾಳೆ ನಮ್ಮ ಅಚ್ಚುಮನೆಯಿಂದ ಹೊರಗೆ ಹೋಗಲಿಲ್ಲ.

ಆ ಹರಿದ ಪ್ರತಿ, ಅವನೇ ತೇಪೆ ಹಚ್ಚಿದ್ದು, ಈಗ ನನ್ನ ಬಳಿ ಇದೆ. ಕಾಲ ಹೊರಳುವಾಗ ಹೊಸದನ್ನು ತಂದವರ ಹೆಸರು ಉಳಿಯುತ್ತದೆ. ಹಳೆಯ ಕೈಯ ಎಚ್ಚರವನ್ನು ಹೊಸ ಮನೆಗೆ ಹೊತ್ತು ತಂದವರ ಹೆಸರನ್ನು ಯಾರೂ ಅಚ್ಚು ಹಾಕುವುದಿಲ್ಲ. ಆದರೂ ಎಲ್ಲೋ ಯಾರೋ, ಇನ್ನೂ ಹುಟ್ಟದವರು, ಸಾಲೊಂದೂ ತಪ್ಪದ ಪುಟವನ್ನು ಓದುವಷ್ಟು ಕಾಲ ಅಂಥವರ ಉಸಿರು ಅದರ ಮೇಲೆ ಬೆಚ್ಚಗಿರುತ್ತದೆ.